ಕಾಡುಹೂಗಳಿಗೂ ಇರಲಿ ಒಂದಿಷ್ಟು ಅಂಗಳ



ಅಕ್ಟೋಬರ್ 4 ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ಮಠದ ಕೈತೋಟದಲ್ಲಿ ಒಂದು ಭಾಗವನ್ನು ಅಗೆಯದೆ ಕಾಡುಹೂಗಳಿಗೆ ಬಿಡಿರೆಂದು ಅವರು ತಮ್ಮ ಸಹೋದರರಿಗೆ ಹೇಳಿದ್ದರು. 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ನೆನಪಿಸಿದ್ದರು.

ಬಲಸಮುದ್ರದಂಥ ಬಯಲುಸೀಮೆಯ ಊರಿನಲ್ಲಿ ಲಾನ್ ಬೆಳೆಸುವುದೆಂದರೆ ಕುಡಿಯುವ ಕೊಳವೆಬಾವಿಯ ನೀರನ್ನು ಬೇಸಿಗೆಯಿಡೀ ಹುಲ್ಲಿಗೆ ಸುರಿಯುವುದು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು ಮಳೆಯನ್ನೇ ನಂಬಿ ಬೆಳೆಯುತ್ತದೆ. ಸುಮಾರು 798 ಎಕರೆಯ ಆ ಬಯಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು.

ಮನೆಯಲ್ಲಿ ಹೇಗೆ? ಲಾನಿನ ಒಂದು ಮೂಲೆಗೆ ನೀರು, ಗೊಬ್ಬರ ನಿಲ್ಲಿಸಿ. ಮುಂಗಾರಿಗೆ ಮೊದಲು ಅಲ್ಲಲ್ಲಿ ಹುಲ್ಲು ಕಿತ್ತು, ಮಣ್ಣು ಕೆದಕಿ, ಹೊಲದ ಬದುವಿನಿಂದ ತಂದ ತುಂಬೆ, ಅಣ್ಣೆ, ವಿಷ್ಣುಕ್ರಾಂತಿಯ ಬೀಜ ಚೆಲ್ಲಿ. ಪ್ಯಾಕೆಟ್ಟಿನ ವಿದೇಶಿ ಬೀಜ ಬೇಡವೇ ಬೇಡ. ಬೇಲಿಯಂಚಿಗೆ ತಂಗಡಿ, ಒಂದು ಎಕ್ಕದ ಗಿಡ ಇರಲಿ. ಎಕ್ಕದೆಲೆ ತಿನ್ನುವ ಹುಳುವೇ ಮುಂದೆ ಕಿತ್ತಳೆ ಬಣ್ಣದ ಚಿಟ್ಟೆ. (ಅದರ ಹಾಲು ಕಣ್ಣಿಗೆ ತಾಗಬಾರದೆಂದು ಮಕ್ಕಳಿಗೆ ತಿಳಿಸಿ.)

ಆದರೆ ಸುಮ್ಮನೆ ಬಿಟ್ಟ ನೆಲಕ್ಕೆ ಹೂವಿಗಿಂತ ಮೊದಲು ಬರುವುದು ಕಾಂಗ್ರೆಸ್ ಗಿಡ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಮೈ ತುರಿಕೆ, ಉಬ್ಬಸ ತರುತ್ತದೆ. ಮಳೆಗಾಲದಲ್ಲಿ ವಾರವಾರವೂ ಕೈಗವಸು ಹಾಕಿಕೊಂಡು, ಅದು ಹೂ ಬಿಡುವ ಮೊದಲೇ ಬೇರುಸಹಿತ ಕೀಳಬೇಕು. ಈ ಕೆಲಸಕ್ಕೆ ಸೋಮಾರಿತನ ಸಲ್ಲದು.

‘ಫಾದರ್, ಹಾವು ಬಂದರೆ?’ ಎನ್ನುತ್ತೀರಿ. ನ್ಯಾಯವಾದ ಪ್ರಶ್ನೆಯೇ. ಬಾಗಿಲಿನಿಂದ ಗೇಟಿನವರೆಗೆ ಮತ್ತು ಗೋಡೆಯ ಸುತ್ತ ಹುಲ್ಲು ಗಿಡ್ಡವಾಗಿಯೇ ಇರಲಿ. ಉಳಿದ ಕಡೆ ಬೀಜ ಉದುರಿದ ಮೇಲೆ, ಜನವರಿಯ ಹೊತ್ತಿಗೆ, ಒಮ್ಮೆ ಕುಡುಗೋಲಿನಿಂದ ಕೊಯ್ದು ಹುಲ್ಲನ್ನು ಹಸುವಿಗೆ ಹಾಕಿ.