ದಿನಕ್ಕೆ ಆರು ಬಾತು: ಒಂದು ಮಿತಿ ರೂಪುಗೊಂಡ ಬಗೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಚಳಿಗಾಲದ ಮುನ್ನ ಉತ್ತರದಿಂದ ದಕ್ಷಿಣಕ್ಕೆ ಇಳಿದುಬರುವ ಬಾತು ಮತ್ತು ಹೆಬ್ಬಾತುಗಳನ್ನು ಎಷ್ಟು ದಿನಗಳ ಕಾಲ ಬೇಟೆಯಾಡಬಹುದು, ಒಬ್ಬ ಬೇಟೆಗಾರ ಒಂದು ದಿನದಲ್ಲಿ ಯಾವ ಜಾತಿಯ ಎಷ್ಟು ಹಕ್ಕಿಗಳನ್ನು ಹೊಡೆಯಬಹುದು ಎಂಬುದನ್ನು ಅಲ್ಲಿನ ಕೇಂದ್ರ ಸರ್ಕಾರದ ಮೀನು ಮತ್ತು ವನ್ಯಜೀವಿ ಇಲಾಖೆ ಪ್ರತಿವರ್ಷವೂ ಹೊಸದಾಗಿ ಗೊತ್ತುಮಾಡುತ್ತದೆ. ಮೊದಲನೆಯದು ಬೇಟೆಯ ಋತು, ಎರಡನೆಯದು ದಿನದ ಮಿತಿ. ಇವೆರಡನ್ನೂ ಇಲಾಖೆ ಮೊದಲು ಕರಡಿನ ರೂಪದಲ್ಲಿ ರಾಜಪತ್ರದಲ್ಲಿ ಪ್ರಕಟಿಸಿ, ಸಾರ್ವಜನಿಕರ ಸಲಹೆ ಮತ್ತು ಆಕ್ಷೇಪಣೆಗಳನ್ನು ಆಲಿಸಿ, ಆ ನಂತರವೇ ಅಂತಿಮಗೊಳಿಸುತ್ತದೆ. ಹೀಗೆ ಅಂತಿಮಗೊಂಡ ಚೌಕಟ್ಟಿನೊಳಗೆ ತಮಗೆ ಒಪ್ಪುವ ದಿನಾಂಕಗಳನ್ನು ಆಯಾ ರಾಜ್ಯಗಳು ಆರಿಸಿಕೊಳ್ಳುತ್ತವೆ. 2025–26ರ ಋತುವಿಗೆಂದು ಇದೇ ಕ್ರಮದಲ್ಲಿ ಬಂದ ಒಂದು ಬದಲಾವಣೆ ಸೂಜಿಬಾಲದ ಬಾತಿನ ದಿನದ ಮಿತಿಯನ್ನು ಒಂದರಿಂದ ಮೂರಕ್ಕೆ ಏರಿಸಿತು. ಕಾಗದದ ಮೇಲೆ ಇದು ಒಂದು ಅಂಕಿಯ ತಿದ್ದುಪಡಿ ಮಾತ್ರವಾದರೂ, ಅಂತಹ ಒಂದು ಅಂಕಿಯನ್ನು ಹೇಳುವ ಅಧಿಕಾರ ಯಾರಿಗಿದೆ ಮತ್ತು ಅದನ್ನು ಯಾವ ಆಧಾರದ ಮೇಲೆ ಹೇಳಬೇಕು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲು ಆ ದೇಶಕ್ಕೆ ನೂರು ವರ್ಷಗಳೇ ಹಿಡಿದವು.

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಬಾತು ಮಾರುಕಟ್ಟೆಯ ಸರಕಾಗಿತ್ತು. ರೈಲುಮಾರ್ಗಗಳು ಹರಡಿ, ಮಂಜುಗಡ್ಡೆ ತುಂಬಿದ ಡಬ್ಬಿಗಳಲ್ಲಿ ಮಾಂಸವನ್ನು ಕೆಡದಂತೆ ದೂರದ ನಗರಗಳಿಗೆ ಸಾಗಿಸುವುದು ಸಾಧ್ಯವಾದ ಮೇಲೆ, ಪೂರ್ವ ಕರಾವಳಿಯ ಚೆಸಪೀಕ್ ಕೊಲ್ಲಿಯಂತಹ ತಾಣಗಳಲ್ಲಿ ಮಾರಾಟಕ್ಕಾಗಿಯೇ ಹಕ್ಕಿ ಹೊಡೆಯುವ ವೃತ್ತಿಪರರು ಬೆಳೆದರು. ಕೊಲ್ಲಿಯ ತಳದ ಜಲಸಸ್ಯವನ್ನು ತಿಂದು ಕೊಬ್ಬುತ್ತಿದ್ದ ಕ್ಯಾನ್ವಾಸ್‌ಬ್ಯಾಕ್ ಎಂಬ ಮುಳುಗು ಬಾತಿಗೆ ಬಾಲ್ಟಿಮೋರ್ ಮತ್ತು ನ್ಯೂಯಾರ್ಕ್‌ನ ದೊಡ್ಡ ಹೋಟೆಲುಗಳಲ್ಲಿ ಒಳ್ಳೆಯ ಬೆಲೆಯಿತ್ತು. ಚಪ್ಪಟೆ ದೋಣಿಯ ಮೂತಿಗೆ ಬಿಗಿದ, ಹೆಗಲ ಮೇಲಿಟ್ಟು ಹೊಡೆಯಲಾಗದಷ್ಟು ಭಾರದ ಉದ್ದ ಕೋವಿಯನ್ನು ರಾತ್ರಿಯ ಹೊತ್ತು ನೀರಿನ ಮೇಲೆ ಮಲಗಿದ ಹಿಂಡಿನತ್ತ ತಿರುಗಿಸಿ ಒಂದೇ ಈಡಿಗೆ ಹತ್ತಾರು ಹಕ್ಕಿಗಳನ್ನು ಕೆಡಹುವುದು ಅಲ್ಲಿ ಬಳಕೆಯಲ್ಲಿದ್ದ ಪದ್ಧತಿ. ಇದಕ್ಕಿಂತ ಹೆಚ್ಚಿನ ಹಾನಿ ಮಾಡಿದ್ದು ವಸಂತಕಾಲದ ಬೇಟೆ. ಮೊಟ್ಟೆಯಿಡಲು ಉತ್ತರಕ್ಕೆ ಮರಳುತ್ತಿರುವ ಜೋಡಿಹಕ್ಕಿಗಳನ್ನು ದಾರಿಯಲ್ಲೇ ಹೊಡೆದರೆ ಮುಂದಿನ ವರ್ಷದ ಸಂತತಿಯೇ ಇಲ್ಲವಾಗುತ್ತದೆ. ಕೆಲವು ರಾಜ್ಯಗಳು ಇದನ್ನು ನಿಷೇಧಿಸಿದವಾದರೂ, ಒಂದು ರಾಜ್ಯ ಉಳಿಸಿದ ಹಕ್ಕಿಯನ್ನು ಪಕ್ಕದ ರಾಜ್ಯ ಹೊಡೆಯುವುದನ್ನು ತಡೆಯಲು ಯಾವ ದಾರಿಯೂ ಇರಲಿಲ್ಲ.

ಕಾಯಿದೆಗೆ ವಿರುದ್ಧವಾಗಿ ಹೊಡೆದ ಪ್ರಾಣಿಪಕ್ಷಿಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವುದನ್ನು 1900ರ ಲೇಸಿ ಕಾಯಿದೆ ಅಪರಾಧವೆಂದು ಸಾರಿತು. 1913ರಲ್ಲಿ ವೀಕ್ಸ್–ಮೆಕ್ಲೀನ್ ಕಾಯಿದೆ ಇನ್ನೂ ಮುಂದೆ ಹೋಗಿ, ವಲಸೆ ಹಕ್ಕಿಗಳ ಬೇಟೆಯ ಋತುವನ್ನು ನಿರ್ಧರಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ಮರುವರ್ಷದ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಕೊನೆಯ ಪ್ಯಾಸೆಂಜರ್ ಪಾರಿವಾಳ ಸತ್ತಿತು. ಒಂದು ಕಾಲಕ್ಕೆ ಕೋಟಿಗಟ್ಟಲೆ ಸಂಖ್ಯೆಯಲ್ಲಿ ಆಕಾಶವನ್ನು ಮುಚ್ಚುತ್ತಿದ್ದ ಹಕ್ಕಿಯೂ ನಿರ್ನಾಮವಾಗಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆದರೆ ಕಾಡಿನ ಜೀವಿಗಳು ಆಯಾ ರಾಜ್ಯದ ಸ್ವತ್ತು, ಅವುಗಳ ಬಗ್ಗೆ ಕಾಯಿದೆ ಮಾಡಲು ಸಂವಿಧಾನ ಕೇಂದ್ರಕ್ಕೆ ಅಧಿಕಾರ ಕೊಟ್ಟಿಲ್ಲ ಎಂದು ಅರ್ಕನ್ಸಾ ಮತ್ತು ಕ್ಯಾನ್ಸಸ್‌ನ ನ್ಯಾಯಾಲಯಗಳು 1913ರ ಕಾಯಿದೆಯನ್ನು ತಳ್ಳಿಹಾಕಿದವು.

ಇದಕ್ಕೆ ಕಂಡುಕೊಂಡ ಉಪಾಯ ಒಂದು ಅಂತರರಾಷ್ಟ್ರೀಯ ಒಪ್ಪಂದ. ಕೆನಡಾದ ಪರವಾಗಿ ಬ್ರಿಟನ್ ಮತ್ತು ಅಮೆರಿಕ 1916ರ ಆಗಸ್ಟ್ 16ರಂದು ವಲಸೆ ಹಕ್ಕಿಗಳ ರಕ್ಷಣೆಯ ಒಪ್ಪಂದಕ್ಕೆ ಸಹಿ ಹಾಕಿದವು. ಅದನ್ನು ಜಾರಿಗೆ ತರಲು 1918ರಲ್ಲಿ ವಲಸೆ ಹಕ್ಕಿ ಒಪ್ಪಂದ ಕಾಯಿದೆ ಬಂದಿತು. ಮಿಸೌರಿ ರಾಜ್ಯ ಇದನ್ನೂ ಪ್ರಶ್ನಿಸಿದಾಗ, 1920ರಲ್ಲಿ ಸರ್ವೋಚ್ಚ ನ್ಯಾಯಾಲಯದ ಪರವಾಗಿ ತೀರ್ಪು ಬರೆದ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್, ಇಂದು ಒಂದು ರಾಜ್ಯದಲ್ಲಿದ್ದು ವಾರದೊಳಗೆ ಸಾವಿರ ಮೈಲಿ ಆಚೆಗೆ ಹೋಗುವ ಹಕ್ಕಿಯ ಮೇಲೆ ಆ ರಾಜ್ಯ ಒಡೆತನ ಹೇಳುವುದರಲ್ಲಿ ಹುರುಳಿಲ್ಲವೆಂದು ಕಂಡು ಕಾಯಿದೆಯನ್ನು ಎತ್ತಿಹಿಡಿದರು. ಅಮೆರಿಕದ ಸಂವಿಧಾನ ಚರಿತ್ರೆಯಲ್ಲಿ ಇಂದಿಗೂ ಚರ್ಚೆಯಾಗುವ ಈ ಮೊಕದ್ದಮೆ ಹುಟ್ಟಿದ್ದು ಬಾತುಗಳ ನೆಪದಲ್ಲಿ ಎಂಬುದು ನೆನಪಿಡಬೇಕಾದ ಸಂಗತಿ. ಬೇಟೆಯ ಋತು ಮೂರೂವರೆ ತಿಂಗಳನ್ನು ಮೀರಬಾರದು, ಮಾರ್ಚ್ 10ರಿಂದ ಸೆಪ್ಟೆಂಬರ್ 1ರವರೆಗೆ ಬೇಟೆ ಕೂಡದು ಎಂದು ಒಪ್ಪಂದ ವಿಧಿಸಿದ ಗಡಿಗಳು ಇಂದಿಗೂ ಉಳಿದಿವೆ; ಪಶ್ಚಿಮದ ರಾಜ್ಯಗಳಲ್ಲಿ ಈಗ ಬಾತು ಬೇಟೆಗೆ ಗರಿಷ್ಠ 107 ದಿನಗಳ ಅವಕಾಶವಿರುವುದು ಆ ಮೂರೂವರೆ ತಿಂಗಳಿನ ಲೆಕ್ಕದಿಂದಲೇ.

ಅಧಿಕಾರದ ಪ್ರಶ್ನೆ ಹೀಗೆ ಇತ್ಯರ್ಥವಾದರೂ ಆಧಾರದ ಪ್ರಶ್ನೆ ಹಾಗೆಯೇ ಉಳಿಯಿತು. ಮೊದಲ ನಿಯಮಗಳು ಬಾತಿಗೆ ವಿಧಿಸಿದ ದಿನದ ಮಿತಿ 25. ಇದು ಯಾವ ಎಣಿಕೆಯಿಂದಲೂ ಬಂದದ್ದಲ್ಲ. 1930ರ ದಶಕದಲ್ಲಿ ಬಯಲುಸೀಮೆ ಬರಗಾಲಕ್ಕೆ ಸಿಕ್ಕಿ, ಬಾತುಗಳು ಗೂಡು ಕಟ್ಟುವ ಹೊಂಡಗಳು ಒಣಗಿಹೋದಾಗ ಮಿತಿ 15ಕ್ಕೆ, 1935ರಲ್ಲಿ 10ಕ್ಕೆ ಇಳಿದು, ಋತು 30 ದಿನಗಳಿಗೆ ಕುಗ್ಗಿತು. ಕಾಳು ಚೆಲ್ಲಿ ಹಕ್ಕಿಗಳನ್ನು ಕರೆದು ಹೊಡೆಯುವುದನ್ನೂ, ಸಾಕಿದ ಬಾತುಗಳನ್ನು ನೀರಿನಲ್ಲಿ ಕಟ್ಟಿ ದೀವವಾಗಿ ಬಳಸುವುದನ್ನೂ ಆ ವರ್ಷವೇ ನಿಷೇಧಿಸಲಾಯಿತು. ಆಗ ಈ ನಿಯಮಗಳನ್ನು ನೋಡಿಕೊಳ್ಳುತ್ತಿದ್ದ ಜೈವಿಕ ಸಮೀಕ್ಷಾ ಬ್ಯೂರೋದ ಮುಖ್ಯಸ್ಥರಾಗಿದ್ದವರು ಜೇ ನಾರ್ವುಡ್ ಡಾರ್ಲಿಂಗ್ ಎಂಬ ಹೆಸರಾಂತ ವ್ಯಂಗ್ಯಚಿತ್ರಕಾರ. ಹದಿನಾರು ತುಂಬಿದ ಪ್ರತಿಯೊಬ್ಬ ಬಾತು ಬೇಟೆಗಾರನೂ ವರ್ಷಕ್ಕೊಂದು ಅಂಚೆಚೀಟಿ ಕೊಳ್ಳಲೇಬೇಕೆಂದು 1934ರ ಕಾಯಿದೆ ವಿಧಿಸಿತು. ಒಂದು ಡಾಲರ್ ಬೆಲೆಯ ಮೊದಲ ಚೀಟಿಯ ಚಿತ್ರವನ್ನು ಡಾರ್ಲಿಂಗ್ ಅವರೇ ಬರೆದರು. ಇಂದು 25 ಡಾಲರ್ ಬೆಲೆಯ ಆ ಚೀಟಿಯ ಹಣದಿಂದ ಈವರೆಗೆ ಸುಮಾರು 60 ಲಕ್ಷ ಎಕರೆ ಜೌಗು ಮತ್ತು ಹುಲ್ಲುಗಾವಲು ರಕ್ಷಣೆಗೆ ಒಳಪಟ್ಟಿದೆ. ಮಿತಿಯನ್ನು ಇಳಿಸಿದ್ದಕ್ಕಿಂತ ಹಕ್ಕಿಗೆ ಹೆಚ್ಚು ಒಳಿತು ಮಾಡಿದ್ದು ಈ ಚೀಟಿಯೇ ಎನ್ನಬೇಕು.

ಹಕ್ಕಿಗಳ ಕಾಲಿಗೆ ಅಂಕಿ ಕೊರೆದ ಲೋಹದ ಉಂಗುರ ತೊಡಿಸಿ ಬಿಡುವ ಕೆಲಸವನ್ನು ನಡೆಸುತ್ತಿದ್ದ ಫ್ರೆಡರಿಕ್ ಲಿಂಕನ್, ದೂರದೂರುಗಳಿಂದ ಮರಳಿ ಬಂದ ಉಂಗುರಗಳ ವಿವರವನ್ನು ನಕ್ಷೆಯ ಮೇಲೆ ಗುರುತಿಸಿದಾಗ, ಉತ್ತರ ಅಮೆರಿಕದ ವಲಸೆ ನಾಲ್ಕು ವಿಶಾಲ ಪಟ್ಟೆಗಳಲ್ಲಿ ಸಾಗುವುದನ್ನು ಕಂಡರು. ಅಟ್ಲಾಂಟಿಕ್, ಮಿಸಿಸಿಪಿ, ಮಧ್ಯ ಮತ್ತು ಪೆಸಿಫಿಕ್ ಎಂಬ ಈ ವಲಸೆ ಪಥಗಳನ್ನು ಆಧರಿಸಿ 1948ರಿಂದ ಬೇಟೆಯ ನಿಯಮಗಳು ಬೇರೆಬೇರೆಯಾಗಿ ರೂಪುಗೊಂಡವು. 1952ರಲ್ಲಿ ಪ್ರತಿ ಪಥಕ್ಕೂ ರಾಜ್ಯಗಳ ಪ್ರತಿನಿಧಿಗಳ ಮಂಡಳಿ ಏರ್ಪಟ್ಟಿತು. ಇಂದಿಗೂ ಬದಲಾವಣೆಯ ಪ್ರಸ್ತಾವಗಳು ಬಹುಮಟ್ಟಿಗೆ ಹೊರಡುವುದು ಈ ಮಂಡಳಿಗಳಿಂದಲೇ.

ಈ ವ್ಯವಸ್ಥೆಯ ಜೀವಾಳವೆಂದರೆ 1955ರಿಂದ ಒಂದೇ ಕ್ರಮದಲ್ಲಿ ನಡೆದುಬಂದ ವೈಮಾನಿಕ ಎಣಿಕೆ. ಪ್ರತಿವರ್ಷ ಮೇ ತಿಂಗಳಲ್ಲಿ, ಹಕ್ಕಿಗಳು ಜೋಡಿಯಾಗಿ ಗೂಡಿನ ನೆಲೆಗಳಲ್ಲಿ ಹರಡಿಕೊಂಡಿರುವಾಗ, ಡಕೋಟಾಗಳಿಂದ ಕೆನಡಾದ ಹುಲ್ಲುಗಾವಲುಗಳ ಮೂಲಕ ಅಲಾಸ್ಕಾದವರೆಗೆ ಸಣ್ಣ ವಿಮಾನಗಳು ಮೊದಲೇ ಗುರುತಿಸಿದ ನೇರ ಗೆರೆಗಳ ಮೇಲೆ ಹಾರುತ್ತವೆ. ನೆಲದಿಂದ ಸುಮಾರು 150 ಅಡಿಯಷ್ಟೇ ಎತ್ತರದಲ್ಲಿ ಹಾರುವ ವಿಮಾನದ ಒಂದು ಬದಿಯ ಹಕ್ಕಿಗಳನ್ನು ಸ್ವತಃ ಪೈಲಟ್, ಇನ್ನೊಂದು ಬದಿಯವನ್ನು ಜೊತೆಗಿರುವ ವೀಕ್ಷಕ ಜಾತಿ ಗುರುತಿಸಿ ಬಾಯಲ್ಲಿ ಹೇಳುತ್ತಾ ಹೋಗುತ್ತಾರೆ. ಆ ಮಾತು ಧ್ವನಿಮುದ್ರಣವಾಗುತ್ತದೆ. ಗೆರೆಯ ಇಕ್ಕೆಲದ ನಿಗದಿತ ಅಗಲದ ಪಟ್ಟಿಯ ಹೊರಗಿನ ಹಕ್ಕಿಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಜೊಂಡಿನ ಮರೆಯಲ್ಲಿ ಕಾಣದೆ ಉಳಿಯುವ ಹಕ್ಕಿಗಳು ಎಷ್ಟಿರಬಹುದೆಂದು ತಿಳಿಯಲು, ಅದೇ ಗೆರೆಯ ಕೆಲವು ತುಣುಕುಗಳನ್ನು ಇನ್ನೊಂದು ತಂಡ ನೆಲದ ಮೇಲೆ ನಡೆದು ಮತ್ತೆ ಎಣಿಸಿ, ಎರಡು ಲೆಕ್ಕಗಳ ಅಂತರದಿಂದ ವಿಮಾನದ ಎಣಿಕೆಯನ್ನು ತಿದ್ದುತ್ತದೆ. ಹಕ್ಕಿಗಳ ಜೊತೆಗೆ ಹೊಂಡಗಳನ್ನೂ ಎಣಿಸಲಾಗುತ್ತದೆ. ಹಿಮಯುಗದ ನೀರ್ಗಲ್ಲುಗಳು ಕರಗಿ ಬಿಟ್ಟುಹೋದ ಆ ಲಕ್ಷಾಂತರ ಗುಂಡಿಗಳಲ್ಲಿ ಮೇ ತಿಂಗಳಲ್ಲಿ ನೀರಿದ್ದರೆ ಆ ವರ್ಷ ಮರಿಗಳು ಹೆಚ್ಚುತ್ತವೆ. ಇದಕ್ಕೆ ಪೂರಕವಾಗಿ, ಆಯ್ದ ಬೇಟೆಗಾರರು ತಾವು ಹೊಡೆದ ಪ್ರತಿ ಬಾತಿನ ಒಂದು ರೆಕ್ಕೆಯನ್ನು ಅಂಚೆಯ ಲಕೋಟೆಯಲ್ಲಿಟ್ಟು ಕಳುಹಿಸುತ್ತಾರೆ. ವರ್ಷಕ್ಕೊಮ್ಮೆ ಒಂದೆಡೆ ಸೇರುವ ಜೀವವಿಜ್ಞಾನಿಗಳು ಉದ್ದನೆಯ ಮೇಜುಗಳ ಮೇಲೆ ಆ ರೆಕ್ಕೆಗಳನ್ನು ಹರಡಿ, ಗರಿಗಳ ಬಣ್ಣ, ಆಕಾರ ಮತ್ತು ಸವೆತದಿಂದ ಹಕ್ಕಿ ಗಂಡೋ ಹೆಣ್ಣೋ, ಅದೇ ವರ್ಷದ ಮರಿಯೋ ಬಲಿತದ್ದೋ ಎಂದು ಬರೆದಿಡುತ್ತಾರೆ. ಒಂದು ಬಲಿತ ಹಕ್ಕಿಗೆ ಎಷ್ಟು ಮರಿಗಳಿದ್ದವೆಂಬ ಅನುಪಾತ ಸಿಗುವುದು ಈ ಕೆಲಸದಿಂದ.

ಎಣಿಕೆ ಸುಧಾರಿಸಿದರೂ ಅದರಿಂದ ನಿಯಮಕ್ಕೆ ಹೋಗುವ ದಾರಿ ಬಹುಕಾಲ ವಿವಾದದಿಂದ ಮುಕ್ತವಾಗಲಿಲ್ಲ. 1970 ಮತ್ತು 80ರ ದಶಕಗಳಲ್ಲಿ ಕೆಲವೆಡೆ ಜಾರಿಯಲ್ಲಿದ್ದ ಅಂಕ ಪದ್ಧತಿಯಲ್ಲಿ ಒಂದೊಂದು ಜಾತಿಗೆ ಇಷ್ಟಿಷ್ಟು ಅಂಕಗಳಿದ್ದು, ಒಟ್ಟು ನೂರು ಮುಟ್ಟಿದೊಡನೆ ಆ ದಿನದ ಬೇಟೆ ಮುಗಿಯುತ್ತಿತ್ತು; ಮೊಟ್ಟೆಯಿಡುವ ಹೆಣ್ಣಿಗೆ ಗಂಡಿಗಿಂತ ಹೆಚ್ಚು ಅಂಕವಿಟ್ಟದ್ದು ಅದರ ಜಾಣ್ಮೆ. ಆದರೆ ಹಕ್ಕಿಗಳನ್ನು ಹೊಡೆದ ಕ್ರಮವನ್ನು ಬೇಟೆಗಾರ ಹಿಂದುಮುಂದಾಗಿ ಹೇಳಿದರೆ ಕಾವಲಿನವರಿಗೆ ಗೊತ್ತಾಗುವ ಬಗೆಯಿರಲಿಲ್ಲ. 1980ರ ದಶಕದ ಬರದಲ್ಲಿ ಬಾತುಗಳ ಸಂಖ್ಯೆ ಸುಮಾರು 2.5 ಕೋಟಿಗೆ ಕುಸಿದಾಗ ಮಿಸಿಸಿಪಿ ಪಥದಲ್ಲಿ ಋತು ಮತ್ತೆ 30 ದಿನಗಳಿಗೆ, ಮಿತಿ ಮೂರಕ್ಕೆ ಇಳಿಯಿತು. ಕೆಸರಿನಲ್ಲಿ ಬಿದ್ದ ಸೀಸದ ಸಣ್ಣ ಗುಂಡುಗಳನ್ನು ಕಾಳೆಂದು ನುಂಗಿ ಹಕ್ಕಿಗಳು ವಿಷವೇರಿ ಸಾಯುತ್ತಿದ್ದುದರಿಂದ 1991ರಿಂದ ದೇಶದಾದ್ಯಂತ ಜಲಪಕ್ಷಿಗಳ ಬೇಟೆಯಲ್ಲಿ ಸೀಸವನ್ನೇ ನಿಷೇಧಿಸಲಾಯಿತು.

ಮೂಲ ಪ್ರಶ್ನೆ ಬೇರೆಯೇ ಇತ್ತು. ಬೇಟೆಯಲ್ಲಿ ಸತ್ತ ಹಕ್ಕಿ, ಹೇಗೂ ಚಳಿಗೋ ರೋಗಕ್ಕೋ ನರಿಗೋ ಬಲಿಯಾಗಲಿದ್ದ ಹಕ್ಕಿಯೇ, ಅಥವಾ ಆ ಸಾವುಗಳ ಮೇಲೆ ಇನ್ನೊಂದು ಸಾವು ಸೇರುತ್ತದೆಯೇ? ಮೊದಲನೆಯದನ್ನು ಸರಿದೂಗುವ ಸಾವು ಎಂದೂ ಎರಡನೆಯದನ್ನು ಕೂಡುವ ಸಾವು ಎಂದೂ ಕರೆಯಬಹುದು. ಉಂಗುರದ ಮಾಹಿತಿಯನ್ನು ಪರಿಶೀಲಿಸಿದ ಆಂಡರ್ಸನ್ ಮತ್ತು ಬರ್ನಮ್ ಅವರ 1976ರ ಅಧ್ಯಯನ ಮಲ್ಲಾರ್ಡ್ ಬಾತಿನ ವಿಷಯದಲ್ಲಿ ಮೊದಲನೆಯ ವಾದದ ಕಡೆಗೆ ವಾಲಿದರೂ ಚರ್ಚೆ ನಿಲ್ಲಲಿಲ್ಲ. 1995ರಲ್ಲಿ ಇಲಾಖೆ ಕೈಗೊಂಡ ಕ್ರಮ ಈ ಜಗಳವನ್ನು ಬೇರೊಂದು ದಾರಿಗೆ ತಿರುಗಿಸಿತು. ಪರಸ್ಪರ ಒಪ್ಪದ ಊಹೆಗಳೆಲ್ಲವನ್ನೂ ಗಣಿತದ ಮಾದರಿಗಳಾಗಿ ಬರೆದು, ಪ್ರತಿಯೊಂದೂ ಮುಂದಿನ ಮೇ ತಿಂಗಳ ಸಂಖ್ಯೆ ಎಷ್ಟಾಗುವುದೆಂದು ಮೊದಲೇ ಹೇಳಬೇಕು. ಎಣಿಕೆ ಬಂದ ಮೇಲೆ ಯಾವುದರ ಮಾತು ನಿಜಕ್ಕೆ ಹತ್ತಿರವಾಯಿತೋ ಅದಕ್ಕೆ ಮುಂದಿನ ವರ್ಷ ಹೆಚ್ಚಿನ ತೂಕ. ಋತುವಿಗೂ ಮುಚ್ಚಿದ, ಬಿಗಿ, ಮಧ್ಯಮ, ಉದಾರ ಎಂಬ ನಾಲ್ಕೇ ಆಯ್ಕೆಗಳನ್ನು ಮೊದಲೇ ಗೊತ್ತುಮಾಡಲಾಯಿತು. ಉದಾರ ಆಯ್ಕೆಯಲ್ಲಿ ಮಿಸಿಸಿಪಿ ಪಥಕ್ಕೆ ಈಗ 60 ದಿನ, ದಿನಕ್ಕೆ ಆರು ಬಾತು. ಪೆಸಿಫಿಕ್ ಪಥಕ್ಕೆ 107 ದಿನ, ಏಳು ಬಾತು. ಅನಿಶ್ಚಿತತೆಯನ್ನು ಬಚ್ಚಿಡದೆ ಒಪ್ಪಿಕೊಂಡು, ಪ್ರತಿವರ್ಷದ ನಿರ್ಧಾರವನ್ನೇ ಒಂದು ಪ್ರಯೋಗವಾಗಿಸಿದ ಈ ಪದ್ಧತಿ, ವನ್ಯಜೀವಿ ಆಡಳಿತದಲ್ಲಿ ಕಳೆದ ಶತಮಾನ ಕಂಡ ಅತ್ಯಂತ ಪ್ರಾಮಾಣಿಕ ಯೋಚನೆಗಳಲ್ಲಿ ಒಂದು.

ಈ ಚರಿತ್ರೆಯಲ್ಲಿ ಅನ್ಯಾಯವೂ ಇದೆ. ವಸಂತದ ಬೇಟೆಯನ್ನು ಸಾರಾಸಗಟಾಗಿ ನಿಷೇಧಿಸಿದ 1916ರ ಒಪ್ಪಂದ, ಬಾತುಗಳು ವಸಂತ ಮತ್ತು ಬೇಸಿಗೆಯಲ್ಲಿ ಮಾತ್ರ ಇರುವ ಅಲಾಸ್ಕಾದ ಮೂಲನಿವಾಸಿಗಳ ಆಹಾರವನ್ನೇ ಅಪರಾಧವಾಗಿಸಿತು. 1961ರಲ್ಲಿ ಬ್ಯಾರೋ ಪಟ್ಟಣದಲ್ಲಿ ಅಧಿಕಾರಿಗಳು ಕೆಲವರನ್ನು ಹಿಡಿದಾಗ, ಊರಿನ 138 ಜನ ಒಬ್ಬೊಬ್ಬರೂ ಕೈಯಲ್ಲೊಂದು ಐಡರ್ ಬಾತು ಹಿಡಿದು ಬಂದು ತಮ್ಮನ್ನೂ ಬಂಧಿಸುವಂತೆ ನಿಂತರು. ಒಪ್ಪಂದಕ್ಕೆ ತಿದ್ದುಪಡಿಯ ಒಡಂಬಡಿಕೆ ಜಾರಿಗೆ ಬಂದು, 2003ರಲ್ಲಿ ಅವರಿಗೆ ಕಾನೂನುಬದ್ಧ ವಸಂತದ ಋತು ದೊರೆಯುವಷ್ಟರಲ್ಲಿ ನಲವತ್ತು ವರ್ಷಗಳು ಕಳೆದಿದ್ದವು. ಇನ್ನೊಂದೆಡೆ, ಬಾತು ಬೇಟೆಯ ಕೊನೆಯ ದಿನವನ್ನು ಜನವರಿ 31ಕ್ಕೆ ನಿಗದಿಪಡಿಸಿದ್ದು ಎಣಿಕೆಯಲ್ಲ, 2019ರಲ್ಲಿ ಸಂಸತ್ತು ಮಾಡಿದ ಕಾಯಿದೆ. ಸೇರಿದ್ದು ಕೆಲವೇ ದಿನಗಳಾದರೂ, ವಿಜ್ಞಾನಕ್ಕೆ ಬಿಡಬೇಕಾದ ತೀರ್ಮಾನವನ್ನು ರಾಜಕಾರಣ ಕೈಗೆತ್ತಿಕೊಂಡದ್ದು ಒಳ್ಳೆಯ ಪರಿಪಾಠವಲ್ಲ.

ಸೂಜಿಬಾಲದ ಬಾತಿನ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಉತ್ತರ ಗೋಳಾರ್ಧದುದ್ದಕ್ಕೂ ಹರಡಿರುವ ಈ ಹಕ್ಕಿ ಕರ್ನಾಟಕದ ಕೆರೆಗಳಿಗೂ ಚಳಿಗಾಲದಲ್ಲಿ ಬರುತ್ತದೆ. ಇಲ್ಲಿಗೆ ಬರುವವು ಉತ್ತರ ಏಷ್ಯಾದ ಹಿಂಡುಗಳು, ಮತ್ತು ಇಲ್ಲಿ 1972ರ ವನ್ಯಜೀವಿ ಕಾಯಿದೆ ಹಾಗೂ ಅದರ 1991ರ ತಿದ್ದುಪಡಿಯ ಬಳಿಕ ಅವುಗಳ ಬೇಟೆಗೆ ಅವಕಾಶವಿಲ್ಲ. ಅಮೆರಿಕದಲ್ಲಿ 2024ರ ಮೇ ಎಣಿಕೆ ಒಟ್ಟು ಬಾತುಗಳನ್ನು ಸುಮಾರು 3.4 ಕೋಟಿ ಎಂದು ಅಂದಾಜಿಸಿದರೆ, ಸೂಜಿಬಾಲದವು ಸುಮಾರು 20 ಲಕ್ಷ, ಅಂದರೆ ಅವುಗಳ ದೀರ್ಘಕಾಲದ ಸರಾಸರಿಯ ಅರ್ಧದಷ್ಟೇ. ಅರ್ಧಕ್ಕಿಳಿದ ಹಕ್ಕಿಯ ಬೇಟೆಯ ಮಿತಿಯನ್ನು ಏರಿಸುವುದು ಮೇಲುನೋಟಕ್ಕೆ ಅವಿವೇಕವೆನಿಸುತ್ತದೆ. ಆದರೆ ಹಲವು ದಶಕಗಳ ಮಾಹಿತಿಯನ್ನು ಮತ್ತೆ ಲೆಕ್ಕಹಾಕಿದಾಗ, ಈ ಹಕ್ಕಿಯನ್ನು ಇಳಿಮುಖವಾಗಿಸಿದ್ದು ಕೋವಿಗಿಂತ ನೇಗಿಲು ಎಂಬುದು ಸ್ಪಷ್ಟವಾಯಿತು. ಇತರ ಬಾತುಗಳಿಗಿಂತ ಮೊದಲೇ ಬಂದು ಕೊಯ್ಲಾದ ಹೊಲದ ಕೂಳೆಯ ನಡುವೆ ಬರಿನೆಲದಲ್ಲಿ ಮೊಟ್ಟೆಯಿಡುವ ಇದರ ಗೂಡುಗಳು ವಸಂತದ ಉಳುಮೆಗೆ ಸಿಕ್ಕಿ ನಾಶವಾಗುತ್ತವೆ. ಬೇಟೆಯನ್ನು ದಿನಕ್ಕೆ ಒಂದಕ್ಕೆ ಬಿಗಿಹಿಡಿದ ವರ್ಷಗಳಲ್ಲಿಯೂ ಅವು ಚೇತರಿಸಿಕೊಳ್ಳಲಿಲ್ಲ.

ಹಾಗಾಗಿ ಮೂರರ ಮಿತಿ ಒಂದು ಪರೀಕ್ಷೆಯಾಗಿ ಒಪ್ಪಬಹುದಾದದ್ದೇ. ಇಲಾಖೆಯೂ ಅದನ್ನು ಮಧ್ಯಂತರ ಕ್ರಮವೆಂದೇ ಕರೆದಿದೆ. ಆದರೆ ಪರೀಕ್ಷೆ ಎನ್ನಿಸಿಕೊಳ್ಳಬೇಕಾದರೆ ಅದರ ಫಲಿತಾಂಶವನ್ನು ಅಳೆಯುವವರು ಇರಬೇಕು. ಕೋವಿಡ್ ಪಿಡುಗಿನ 2020 ಮತ್ತು 2021ರಲ್ಲಿ ವಿಮಾನಗಳು ಹಾರದೆ ಅರವತ್ತೈದು ವರ್ಷಗಳ ಸರಣಿ ಕಡಿದಾಗ, ಹಳೆಯ ಮಾಹಿತಿಯಿಂದ ಮಾದರಿಗಳು ಮುನ್ನುಡಿದ ಅಂದಾಜಿನ ಮೇಲೆ ನಿಯಮ ಮಾಡಬೇಕಾಗಿ ಬಂತು. ಎರಡು ವರ್ಷಕ್ಕೆ ಅದು ನಡೆಯಿತು. ಹೆಚ್ಚು ಕಾಲ ನಡೆಯುವುದಿಲ್ಲ. ಮೇ ತಿಂಗಳ ಎಣಿಕೆಗೆ ಹಣ ಮತ್ತು ಪೈಲಟ್‌ಗಳನ್ನು ಒದಗಿಸಲಾಗದ ವರ್ಷ ಬಂದರೆ, ಆ ವರ್ಷ ಸೂಜಿಬಾಲದ ಬಾತಿನ ಮಿತಿಯನ್ನು ಮತ್ತೆ ಒಂದಕ್ಕೆ ಇಳಿಸುವುದೇ ಸರಿಯಾದ ಕ್ರಮ.