ಅಣಬೆ ಹೆಚ್ಚೋ, ಶುಂಠಿ ಹೆಚ್ಚೋ?

ಶುಂಠಿಯಿಲ್ಲದ ಕಷಾಯವಿಲ್ಲ ಎನ್ನುತ್ತಾರೆ ಮನೆಯ ಹಿರಿಯರು. ನೆಗಡಿಯಾಗಲಿ, ಅಜೀರ್ಣವಾಗಲಿ, ಅವರ ಕೈ ಮೊದಲು ಹೋಗುವುದು ಶುಂಠಿಯತ್ತ. ಮನೆಯ ಮಕ್ಕಳಾದರೋ ಅಣಬೆಯ ಪಕ್ಷ. ‘ಮಾಂಸದಷ್ಟೇ ಪ್ರೋಟೀನ್ ಇದೆಯಂತೆ’ ಎಂಬುದು ಅವರ ವಾದ. ಹಾಗಾದರೆ ಇವೆರಡರಲ್ಲಿ ಹೆಚ್ಚು ಪೌಷ್ಟಿಕವಾದದ್ದು ಯಾವುದು? ಉತ್ತರಕ್ಕಾಗಿ ಆಹಾರಾಂಶಗಳ ಪಟ್ಟಿ ತೆರೆದರೆ ನಿಮಗೆ ಅಚ್ಚರಿಯಾದೀತು.

ಪಟ್ಟಿ ಹೇಳುವುದೇನು?

100 ಗ್ರಾಂ ಹಸಿ ಶುಂಠಿಯಲ್ಲಿ ಸುಮಾರು 80 ಕ್ಯಾಲೊರಿ ಶಕ್ತಿ, 18 ಗ್ರಾಂ ಶರ್ಕರಪಿಷ್ಟ, 2 ಗ್ರಾಂ ನಾರು ಹಾಗೂ 415 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಅಷ್ಟೇ ತೂಕದ ಬಿಳಿ ಗುಂಡಿ ಅಣಬೆಯಲ್ಲಿ ಇರುವುದು 22 ಕ್ಯಾಲೊರಿ, 3 ಗ್ರಾಂ ಶರ್ಕರಪಿಷ್ಟ, 1 ಗ್ರಾಂ ನಾರು, 318 ಮಿಲಿಗ್ರಾಂ ಪೊಟ್ಯಾಸಿಯಂ. ಪ್ರೋಟೀನ್‌ನಲ್ಲಿ ಮಾತ್ರ ಅಣಬೆ ಮುಂದು: 3 ಗ್ರಾಂ. ಶುಂಠಿಯಲ್ಲಿ 2 ಗ್ರಾಂಗಿಂತ ಕಡಿಮೆ.

ಹಾಗಾದರೆ ಶುಂಠಿಯೇ ಗೆದ್ದಿತೇ? ಸ್ವಲ್ಪ ತಾಳಿ. ಒಂದೇ ಊಟದಲ್ಲಿ 100 ಗ್ರಾಂ ಶುಂಠಿ ತಿಂದವರನ್ನು ನೀವು ನೋಡಿದ್ದೀರಾ? ನಾಲ್ವರ ಪಲ್ಯಕ್ಕೆ ನೀವು ಹಾಕುವುದು ಹೆಚ್ಚೆಂದರೆ 10 ಗ್ರಾಂ. ಒಬ್ಬರ ಪಾಲಿಗೆ ಬರುವುದು ಎರಡೂವರೆ ಗ್ರಾಂ, ಅಂದರೆ 2 ಕ್ಯಾಲೊರಿ, 10 ಮಿಲಿಗ್ರಾಂ ಪೊಟ್ಯಾಸಿಯಂ. 200 ಗ್ರಾಂನ ಅಣಬೆ ಪೊಟ್ಟಣವನ್ನಾದರೆ ಇಬ್ಬರು ಸಲೀಸಾಗಿ ಮುಗಿಸುತ್ತಾರೆ. ಆದ್ದರಿಂದ ಆಹಾರದ ಬೆಲೆ ಕಟ್ಟುವಾಗ ಪಟ್ಟಿಯ 100 ಗ್ರಾಂ ನೋಡಬೇಡಿ, ನಿಮ್ಮ ತಟ್ಟೆಗೆ ಬೀಳುವ ಪ್ರಮಾಣ ನೋಡಿ. ಅಣಬೆ ಒಂದು ತರಕಾರಿಯಂತೆ, ಶುಂಠಿ ಒಂದು ಸಂಬಾರ ಪದಾರ್ಥ. ಇವೆರಡಕ್ಕೆ ಸ್ಪರ್ಧೆಯೇ ಇಲ್ಲ.

ಅಣಬೆಯ ಗುಣ, ಅಣಬೆಯ ಮಿತಿ

ಅಣಬೆಯಲ್ಲಿ ನೂರಕ್ಕೆ 92 ಪಾಲು ನೀರು. ‘ಮಾಂಸಕ್ಕೆ ಸಮ’ ಎಂಬ ಮಾತು ಹುಟ್ಟಿದ್ದು ಒಣಗಿಸಿದ ಅಣಬೆಯ ಲೆಕ್ಕದಿಂದ. ಹಸಿ ಅಣಬೆಗೆ ಅದು ಹೊಂದುವುದಿಲ್ಲ. ಒಂದು ಹಿಡಿ, ಅಂದರೆ ಸುಮಾರು 30 ಗ್ರಾಂ, ತೊಗರಿಬೇಳೆಯಲ್ಲಿ 6 ಗ್ರಾಂಗೂ ಹೆಚ್ಚು ಪ್ರೋಟೀನ್ ಇದೆ. ಆದ್ದರಿಂದ ಅಣಬೆ ಮಾಡಿದ ದಿನ ಬೇಳೆ ಸಾರು ಬಿಡಬೇಡಿ.

ಆದರೂ ಅಣಬೆ ಬರಿಯ ನೀರಲ್ಲ. ‘ಬಿ’ ಗುಂಪಿನ ರೈಬೋಫ್ಲೇವಿನ್ ಮತ್ತು ನಯಾಸಿನ್ ಜೀವಸತ್ವಗಳು ಅದರಲ್ಲಿ ಚೆನ್ನಾಗಿವೆ. 100 ಗ್ರಾಂ ತಿಂದರೆ ವಯಸ್ಕರಿಗೆ ದಿನಕ್ಕೆ ಬೇಕಾದ ರೈಬೋಫ್ಲೇವಿನ್‌ನ ಸುಮಾರು ಐದನೇ ಒಂದು ಭಾಗ ಸಿಗುತ್ತದೆ. ಕೊಬ್ಬು ಇಲ್ಲವೆಂದೇ ಹೇಳಬಹುದು. ಹಾಗೆಂದು ಅದನ್ನೇ ಹಿಟ್ಟಿನಲ್ಲದ್ದಿ ಎಣ್ಣೆಯಲ್ಲಿ ಕರಿದು ಮಂಚೂರಿ ಮಾಡಿದರೆ ಆ ಗುಣ ಅಲ್ಲಿಗೇ ಮುಗಿಯಿತು.

ಇನ್ನೊಂದು ವಿಶೇಷವಿದೆ. ಅಣಬೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ವಸ್ತು ಬಿಸಿಲಿಗೆ ಒಡ್ಡಿದಾಗ ‘ಡಿ’ ಜೀವಸತ್ವವಾಗಿ ಬದಲಾಗುತ್ತದೆ. ಹೆಚ್ಚಿದ ಹೋಳುಗಳನ್ನು ನಡುಹಗಲ ಬಿಸಿಲಿನಲ್ಲಿ ಅರ್ಧ ಗಂಟೆ ಹರವಿ ನಂತರ ಅಡುಗೆ ಮಾಡಿ. ಆದರೆ ಸಸ್ಯಾಹಾರಿಗಳು ‘ಬಿ-12’ ಜೀವಸತ್ವಕ್ಕಾಗಿ ಅಣಬೆಯನ್ನೇ ನಂಬಿ ಕೂರುವಂತಿಲ್ಲ. ಅದಕ್ಕೆ ಹಾಲು, ಮೊಸರು ಬೇಕು.

ಶುಂಠಿ ಮಾಡುವ ಕೆಲಸ

ಶುಂಠಿಯ ಬೆಲೆ ಅದರ ಪೌಷ್ಟಿಕಾಂಶಗಳಲ್ಲಿ ಇಲ್ಲ, ಖಾರದಲ್ಲಿದೆ. ಹಸಿ ಶುಂಠಿಯ ಖಾರಕ್ಕೆ ಕಾರಣ ಜಿಂಜರಾಲ್. ಒಣಗಿದಾಗ ಅದರ ಒಂದು ಭಾಗ ಇನ್ನೂ ಖಾರವಾದ ಶೊಗಾಲ್ ಆಗುತ್ತದೆ. ಒಣ ಶುಂಠಿ ಗಂಟಲಿಗೆ ಹೆಚ್ಚು ನಾಟುವುದು ಇದರಿಂದಲೇ. ಗರ್ಭಿಣಿಯರ ವಾಕರಿಕೆಯನ್ನು ಶುಂಠಿ ತಗ್ಗಿಸುತ್ತದೆ ಎಂಬುದು ಹಲವು ಪ್ರಯೋಗಗಳಲ್ಲಿ ಕಂಡುಬಂದಿದೆ. ಅವುಗಳಲ್ಲಿ ಸಾಮಾನ್ಯವಾಗಿ ಬಳಸಿದ್ದು ದಿನಕ್ಕೆ ಸುಮಾರು 1 ಗ್ರಾಂ ಒಣ ಶುಂಠಿ ಪುಡಿ. ನೀವು ಗರ್ಭಿಣಿಯಾಗಿದ್ದರೆ ವೈದ್ಯರಿಗೆ ತಿಳಿಸಿಯೇ ತೆಗೆದುಕೊಳ್ಳಿ.

ಎದೆಯುರಿ ಇರುವವರು ಮಿತಿಯಲ್ಲಿರಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್‌ನಂತಹ ಮಾತ್ರೆ ನುಂಗುವವರಿಗೆ ಅಡುಗೆಯ ಶುಂಠಿಯಿಂದ ಭಯವಿಲ್ಲ. ಆದರೆ ದಿನವೂ ಗಟ್ಟಿ ಕಷಾಯ, ಶುಂಠಿ ಗುಳಿಗೆ ಆರಂಭಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಇನ್ನು, ದಿನಕ್ಕೆ ನಾಲ್ಕು ಲೋಟ ಶುಂಠಿ ಚಹಾ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದಾದರೆ, ಶುಂಠಿಯ ಹೆಸರಿನಲ್ಲಿ ಎಂಟು ಚಮಚ ಸಕ್ಕರೆ ಹೊಟ್ಟೆ ಸೇರಿತು!

ಪ್ರಾಣಕ್ಕೆ ಎರವಾಗುವ ತಪ್ಪು

ಮಳೆಗಾಲದಲ್ಲಿ ಮಲೆನಾಡು, ಕರಾವಳಿಯ ಎಷ್ಟೋ ಮನೆಗಳಲ್ಲಿ ಕಾಡಿನ ಅಣಬೆ ಆಯ್ದು ತರುವ ರೂಢಿಯಿದೆ. ಇಲ್ಲಿ ಎಚ್ಚರ ತಪ್ಪಬೇಡಿ. ವಿಷದ ಅಣಬೆ ನೋಡಲು ಅಂದವಾಗಿ, ತಿನ್ನಲು ರುಚಿಯಾಗಿಯೇ ಇರಬಹುದು. ಬೆಳ್ಳಿ ನಾಣ್ಯ ಕಪ್ಪಾಗಲಿಲ್ಲ, ಬೆಳ್ಳುಳ್ಳಿಯ ಬಣ್ಣ ಬದಲಾಗಲಿಲ್ಲ ಎಂಬ ಪರೀಕ್ಷೆಗಳೆಲ್ಲ ಸುಳ್ಳು. ಅತ್ಯಂತ ಘೋರವಾದ ಅಣಬೆ ವಿಷ ಎಷ್ಟು ಕುದಿಸಿದರೂ ನಾಶವಾಗುವುದಿಲ್ಲ.

ಈ ವಿಷದ ಲಕ್ಷಣ ತಕ್ಷಣ ಕಾಣುವುದಿಲ್ಲ. ತಿಂದ ಆರೇಳು ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ, ವಾಂತಿ ಭೇದಿ ಶುರುವಾಗುತ್ತದೆ. ಆಮೇಲೆ ಒಂದು ದಿನ ರೋಗಿ ಚೇತರಿಸಿಕೊಂಡಂತೆಯೇ ಕಾಣುತ್ತದೆ. ಒಳಗೆ ಮಾತ್ರ ಯಕೃತ್ತು ಹಾಳಾಗುತ್ತಿರುತ್ತದೆ. ‘ಅಜೀರ್ಣವಿರಬೇಕು, ಶುಂಠಿ ಕಷಾಯ ಕೊಡೋಣ’ ಎಂದು ಕಾಯುವ ಮನೆಯವರು ಕಳೆದುಕೊಳ್ಳುವುದು ಅಮೂಲ್ಯವಾದ ಗಂಟೆಗಳನ್ನು. ಅಣಬೆ ವಿಷಕ್ಕೆ ಶುಂಠಿ ಮದ್ದಲ್ಲ. ಕೂಡಲೇ ಆಸ್ಪತ್ರೆಗೆ ಹೋಗಿ, ಉಳಿದ ಅಣಬೆಯನ್ನೂ ಜೊತೆಗೆ ಒಯ್ಯಿರಿ. ಅದೇ ಊಟ ಮಾಡಿದ ಎಲ್ಲರನ್ನೂ, ಆರಾಮವಾಗಿದ್ದರೂ ಸರಿ, ಕರೆದೊಯ್ಯಿರಿ.

ನೆನಪಿಡಿ

* ಬೇಸಾಯ ಮಾಡಿದ ಗುಂಡಿ ಅಣಬೆ, ಚಿಪ್ಪಣಬೆಗಳನ್ನೇ ಕೊಳ್ಳಿ. ಲೋಳೆಯಾದದ್ದು, ವಾಸನೆ ಬಂದದ್ದು ಬೇಡ.
* ಅಣಬೆಯನ್ನು ಹಸಿಯಾಗಿ ತಿನ್ನಬೇಡಿ. ಬೇಯಿಸಿದರೆ ಜೀರ್ಣಕ್ಕೆ ಸುಲಭ.
* ತಂದ ಅಣಬೆಯನ್ನು ಕಾಗದದ ಚೀಲದಲ್ಲಿಟ್ಟು ಫ್ರಿಜ್‌ನಲ್ಲಿಡಿ. ಅಡುಗೆಗೆ ಮುಂಚೆ ಮಾತ್ರ ತೊಳೆಯಿರಿ.

ಅಂದಹಾಗೆ, ಅಣಬೆ ಪಲ್ಯಕ್ಕೆ ಒಂದು ಚೂರು ಶುಂಠಿ ಜಜ್ಜಿ ಹಾಕಿ. ಹಿರಿಯರ ಮಾತೂ ಉಳಿಯಿತು, ಮಕ್ಕಳ ಆಸೆಯೂ ತೀರಿತು.