ಒಂದಿಂಚು ಕಿಟಕಿಯ ಮಹಾತ್ಮೆ

ಮಾರ್ಚ್ ಬಂತೆಂದರೆ ನಮ್ಮಲ್ಲಿ ಕಾರು ನಿಲ್ಲಿಸುವವರೆಲ್ಲ ಇಳಿಯುವ ಮುಂಚೆ ಒಂದು ಶಾಸ್ತ್ರ ಮುಗಿಸುತ್ತಾರೆ. ಆಫ್ ಮಾಡಿದ ಕೀಯನ್ನು ಮತ್ತೆ ತಿರುಗಿಸಿ, ನಾಲ್ಕೂ ಕಿಟಕಿಗಳನ್ನು ಬೆರಳು ತೂರುವಷ್ಟು ಕೆಳಗಿಳಿಸುತ್ತಾರೆ. ಕೇಳಿದರೆ, "ಬಿಸಿ ಗಾಳಿ ಆಚೆ ಹೋಗಬೇಕಲ್ಲ" ಎನ್ನುತ್ತಾರೆ. ಆಮೇಲೆ ಪವರ್ ಬ್ಯಾಂಕು, ಅಪ್ಪನ ಮಾತ್ರೆಯ ಚೀಲ, ನೆಂಟರಿಗೆಂದು ಕಟ್ಟಿಸಿದ ಪೇಡೆ ಡಬ್ಬಿ ಎಲ್ಲವನ್ನೂ ಸೀಟಿನ ಮೇಲೆ ಬಿಟ್ಟು ನೆಮ್ಮದಿಯಾಗಿ ಮದುವೆ ಊಟಕ್ಕೆ ಹೊರಡುತ್ತಾರೆ. ಅದೂ ಕಲಬುರಗಿಯ ಏಪ್ರಿಲ್ಲಿನಲ್ಲಿ, ಒಂದು ಬೇವಿನ ಗಿಡವೂ ಇಲ್ಲದ ಕಲ್ಯಾಣ ಮಂಟಪದ ಬಯಲಿನಲ್ಲಿ.

ಈ ಒಂದಿಂಚಿನ ಮೇಲೆ ನಮ್ಮವರಿಗಿರುವ ಭಕ್ತಿ ಮನೆದೇವರ ಮೇಲೂ ಇರಲಿಕ್ಕಿಲ್ಲ. ಇಂಜಿನಿಯರಿಂಗ್ ಓದಿದವರು, ಡ್ರೈವಿಂಗ್ ಕಲಿಸುವ ಮೇಷ್ಟ್ರು, ಕಾರು ತೊಳೆಯುವ ಹುಡುಗ, ಎಲ್ಲರದೂ ಒಂದೇ ಮಾತು. ನನ್ನ ತಕರಾರು ಇಷ್ಟೆ: ಇದನ್ನು ಅಳೆದು ನೋಡಿದವರಿದ್ದಾರೆ. ಅಳೆದು ಇಪ್ಪತ್ತು ವರ್ಷವಾಯಿತು.

2005ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರೂ ಜ್ಯಾನ್ ನಲ್ ಎಂಬ ಹವಾಮಾನ ತಜ್ಞರೂ ಸೇರಿ, ಕಡುಬಣ್ಣದ ಕಾರೊಂದನ್ನು ಬಿಸಿಲಿಗೆ ನಿಲ್ಲಿಸಿ ಒಳಗಿನ ಶಾಖವನ್ನು ಬರೆದಿಟ್ಟರು. ಹೊರಗೆ 22ರಿಂದ 36 ಡಿಗ್ರಿ ಸೆಲ್ಸಿಯಸ್‌ವರೆಗಿನ ಬೇರೆ ಬೇರೆ ದಿನಗಳು. ಒಂದು ಗಂಟೆಯಲ್ಲಿ ಒಳಗಿನ ಶಾಖ ಸರಾಸರಿ 22 ಡಿಗ್ರಿಯಷ್ಟು ಏರಿತು, ಅದರಲ್ಲಿ ಶೇ. 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ. ಆಮೇಲೆ ಕಿಟಕಿಗಳನ್ನು ಒಂದೂವರೆ ಇಂಚು ಇಳಿಸಿ ಮತ್ತೆ ಅಳೆದರು. ನಮ್ಮವರು ಬಿಡುವುದಕ್ಕಿಂತ ಅರ್ಧ ಇಂಚು ಜಾಸ್ತಿಯೇ. ಏರುವ ವೇಗವೂ ಕೊನೆಗೆ ಮುಟ್ಟಿದ ಮಟ್ಟವೂ ಹೆಚ್ಚುಕಡಿಮೆ ಇದ್ದಲ್ಲೇ ಇದ್ದವು.

ಹೀಗೇಕೆ ಎಂದರೆ, ಕಾರಿನೊಳಗಿನ ಬಿಸಿ ಹೊರಗಿನ ಗಾಳಿಯಿಂದ ಬಂದದ್ದಲ್ಲ. ಅದು ಗಾಜಿನ ಮೂಲಕ ಬೆಳಕಾಗಿ ಬರುತ್ತದೆ. ನಡುಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರಿಗೆ ಸುಮಾರು ಸಾವಿರ ವಾಟ್. ಮುಂದಿನ, ಹಿಂದಿನ, ಪಕ್ಕದ ಗಾಜುಗಳೆಲ್ಲ ಸೇರಿದರೆ ಸಾವಿರದಿಂದ ಸಾವಿರದೈನೂರು ವಾಟಿನಷ್ಟು ಒಳಗೆ ಬೀಳುವುದು ದೊಡ್ಡ ವಿಷಯವೇನಲ್ಲ. ಬಕೆಟ್ಟಿನ ನೀರು ಕಾಯಿಸಲು ಇಳಿಬಿಡುವ ಕಾಯಿಲ್ ಕೂಡ ಅಷ್ಟೇ ವಾಟಿನದು. ಅದರ ಸ್ವಿಚ್ ಹಾಕಿಯೇ ಇಟ್ಟು, ಬಚ್ಚಲಿನ ಕಿಟಕಿ ಒಂದಿಂಚು ತೆರೆದು, ನೀರು ತಣ್ಣಗಿರಲಿ ಎಂದು ಹಾರೈಸಿದರೆ ಮನೆಯವರು ಏನೆನ್ನುತ್ತಾರೆ? ಕಾರಿನ ವಿಷಯದಲ್ಲಿ ಅದಕ್ಕೇ ಬುದ್ಧಿವಂತಿಕೆ ಎಂದು ಹೆಸರು.

ಆ ಬೆಳಕು ಗಾಳಿಯನ್ನು ನೇರವಾಗಿ ಕಾಯಿಸುವುದೂ ಇಲ್ಲ. ಅದು ಬೀಳುವುದು ಡ್ಯಾಶ್‌ಬೋರ್ಡಿನ ಮೇಲೆ, ಸ್ಟಿಯರಿಂಗ್ ಮೇಲೆ, ಕಪ್ಪು ಸೀಟಿನ ಮೇಲೆ. ಕಾದ ಇವೆಲ್ಲ ಸೇರಿ ಗಾಳಿಯನ್ನು ಕಾಯಿಸುತ್ತವೆ. ಸಾಧಾರಣ ಕಾರಿನೊಳಗೆ ಇರುವ ಗಾಳಿಯ ತೂಕ ಮೂರು ನಾಲ್ಕು ಕಿಲೋ. ಪ್ಲಾಸ್ಟಿಕ್ಕು, ಫೋಮು, ಕಬ್ಬಿಣದ ಚೌಕಟ್ಟು ನೂರಾರು ಕಿಲೋ. ಶಾಖದ ಸಂಗ್ರಹವೆಲ್ಲ ಅಲ್ಲಿದೆ. ಕಿಟಕಿಯ ಸಂದಿಯಲ್ಲಿ ಒಂದಿಷ್ಟು ಬಿಸಿ ಗಾಳಿ ಹೋದರೂ ಅದರ ಜಾಗಕ್ಕೆ ಬಂದ ಗಾಳಿಯನ್ನು ಡ್ಯಾಶ್‌ಬೋರ್ಡು ಕಾಯಿಸಿಬಿಡುತ್ತದೆ. ನಾಲ್ಕೂ ಬಾಗಿಲು ತೆರೆದು, ಒಂದು ನಿಮಿಷ ನಿಂತು, ಮತ್ತೆ ಮುಚ್ಚಿ ಕೂತು ನೋಡಿ. ಮೊದಲು ಹಾಯೆನಿಸುತ್ತದೆ, ಸ್ವಲ್ಪ ಹೊತ್ತಿಗೆ ಸೀಟು, ಬಾಗಿಲು, ಮಾಡು ಎಲ್ಲ ಕಡೆಯಿಂದಲೂ ಝಳ ಹೊಡೆಯಲು ಶುರುವಾಗುತ್ತದೆ.

ನಂಬಿಕೆ ಉಳಿದಿರುವುದೂ ಆ ಮೊದಲ ಹಾಯೆನ್ನುವುದರಿಂದಲೇ. ಪೂರ್ತಿ ಮುಚ್ಚಿದ ಕಾರಿನ ಬಾಗಿಲು ತೆಗೆದಾಗ ಮುಖಕ್ಕೆ ರಪ್ಪನೆ ಹೊಡೆಯುವ ಬಿಸಿ, ಕಿಟಕಿ ಇಳಿಸಿದ ಕಾರಿನಲ್ಲಿ ಒಂದು ಪಾಲು ಕಡಿಮೆ ಎನಿಸಬಹುದು. ಮುಖಕ್ಕೆ ತಾಗಿದ್ದೇ ಪ್ರಮಾಣ. ಸೀಟಿನ ಮೇಲಿದ್ದ ಮಾತ್ರೆಗೆ ಏನಾಯಿತೆಂದು ಯಾರೂ ಮುಟ್ಟಿ ನೋಡುವುದಿಲ್ಲ.

ಇದರ ಜೊತೆಗೆ ಇನ್ನೊಂದು ಕತೆಯೂ ಅಂಟಿಕೊಂಡಿದೆ: ಕಿಟಕಿ ಪೂರ್ತಿ ಮುಚ್ಚಿದರೆ ಒಳಗಿನ ಗಾಳಿ ಉಬ್ಬಿ ಗಾಜು ಒಡೆಯುತ್ತದಂತೆ. ಕಾರೇನು ಬಿಗಿ ಮುಚ್ಚಳದ ಡಬ್ಬಿಯಲ್ಲ. ಹಿಂದಿನ ಬಂಪರಿನ ಮರೆಯಲ್ಲಿ ರಬ್ಬರ್ ರೆಕ್ಕೆಗಳಿರುವ ಗಾಳಿಕಿಂಡಿಗಳಿರುತ್ತವೆ. ಒಳಗಿನ ಒತ್ತಡ ಹೆಚ್ಚಾದರೆ ಆ ರೆಕ್ಕೆಗಳು ತಾವೇ ತೆರೆದುಕೊಳ್ಳುತ್ತವೆ. ಅವು ಇರುವುದರಿಂದಲೇ ಎಲ್ಲ ಕಿಟಕಿ ಮುಚ್ಚಿದ್ದರೂ ಬಾಗಿಲು ಸಲೀಸಾಗಿ ಮುಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಗಾಜು ಸೀಳುವುದುಂಟು. ಆದರೆ ಅದು ಲಾರಿ ಚಕ್ರದಿಂದ ಸಿಡಿದ ಜಲ್ಲಿಕಲ್ಲು ಮೊದಲೇ ಚುಕ್ಕೆ ಕೆತ್ತಿಟ್ಟ ಗಾಜು. ಕಾದು ಕೆಂಡವಾದ ಅದರ ಮೇಲೆ ಯಾರೋ ಪುಣ್ಯಾತ್ಮರು ತಣ್ಣೀರು ಎರಚಿರುತ್ತಾರೆ, ಇಲ್ಲವೇ ಏಸಿಯನ್ನು ಒಮ್ಮೆಲೇ ಗಾಜಿನ ಕಡೆ ತಿರುಗಿಸಿರುತ್ತಾರೆ.

ಹಾಗಾದರೆ ವಸ್ತುಗಳನ್ನು ಕಾಪಾಡುವುದು ಹೇಗೆ? ಕಿಟಕಿ ಎಷ್ಟು ಇಳಿಸಬೇಕು ಎನ್ನುವುದನ್ನು ಬಿಟ್ಟು, ವಸ್ತು ಕಾರಿನಲ್ಲಿ ಎಲ್ಲಿದೆ ಎಂದು ಕೇಳಬೇಕು. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಳತೆ ನನಗೆ ಬಹಳ ಇಷ್ಟ, ಏಕೆಂದರೆ ಅಲ್ಲಿನ ಬೇಸಿಗೆ ನಮ್ಮ ರಾಯಚೂರಿನ ಜೊತೆ ಕೈಕುಲುಕಬಹುದಾದಂಥದ್ದು. ಬಿಸಿಲಿನಲ್ಲಿ ಒಂದು ಗಂಟೆ ನಿಂತ ಕಾರಿನ ಒಳಗಾಳಿ ಸರಾಸರಿ 47 ಡಿಗ್ರಿ. ಸೀಟು 51, ಸ್ಟಿಯರಿಂಗ್ 53, ಡ್ಯಾಶ್‌ಬೋರ್ಡು 69. ನೆರಳಿನಲ್ಲಿ ನಿಂತ ಕಾರಿನಲ್ಲಿ ಗಾಳಿ 38, ಡ್ಯಾಶ್‌ಬೋರ್ಡು 48. ಒಂದೇ ಕಾರು, ಒಂದೇ ಗಂಟೆ, ಗಾಳಿಗೂ ಡ್ಯಾಶ್‌ಬೋರ್ಡಿಗೂ 22 ಡಿಗ್ರಿ ಅಂತರ. ನಾವು ಫೋನನ್ನು ಸಿಕ್ಕಿಸುವುದು, ಕನ್ನಡಕ ಎಸೆಯುವುದು, ಗಣಪತಿಯನ್ನು ಅಂಟಿಸುವುದು ಎಲ್ಲ ಆ 69ರ ಮೇಲೆ. ಏಪ್ರಿಲ್ಲಿನಲ್ಲಿ ಗಣಪತಿ ಅಂಟು ಸಡಿಲಿ ವಾಲುವುದನ್ನು ಅಪಶಕುನ ಎಂದುಕೊಂಡವರೂ ನನಗೆ ಗೊತ್ತು.

ರಾಯಚೂರಿನ ನಮ್ಮ ಭಾವ ಇನ್ಸುಲಿನ್ ಪೆನ್ನನ್ನು ಗೇರಿನ ಪಕ್ಕದ ಲೋಟದ ಗುಳಿಯಲ್ಲಿ ಇಡುತ್ತಾರೆ, ಕೈಗೆ ಸಿಗಲಿ ಎಂದು. ಬಿಸಿಲು ಮುಂದಿನ ಗಾಜಿನಿಂದ ನೇರ ಅದರ ಮೇಲೆ. ನಾನು ಎತ್ತಿ ಚೀಲಕ್ಕೆ ಹಾಕಲು ಹೋದರೆ, "ಕಿಡಕಿ ಇಳಿಸೀನಿ, ಗಾಳಿ ಆಡ್ತದ, ಏನೂ ಆಗಂಗಿಲ್ಲ ಬಿಡು" ಎಂದರು. ತೆರೆಯದ ಇನ್ಸುಲಿನ್ನನ್ನು ಇಡಬೇಕಾದ್ದು 2ರಿಂದ 8 ಡಿಗ್ರಿಯಲ್ಲಿ. ಬಳಕೆಯಲ್ಲಿರುವ ಪೆನ್ನನ್ನು ಸುಮಾರು ನಾಲ್ಕು ವಾರ ಹೊರಗಿಡಬಹುದು ಎನ್ನುವಾಗಲೂ ಲೆಕ್ಕ 30 ಡಿಗ್ರಿಯೊಳಗಿನದು. ಶಾಖಕ್ಕೆ ಕೆಟ್ಟ ಇನ್ಸುಲಿನ್ ಹಾಲಿನ ಹಾಗೆ ಒಡೆದು ತೋರಿಸಬೇಕೆಂದೇನಿಲ್ಲ. ನೋಡಲು ತಿಳಿಯಾಗಿಯೇ ಇದ್ದು ಬಲ ಕಳೆದುಕೊಂಡಿರಬಹುದು. ಆಮೇಲೆ ಸಕ್ಕರೆ ಏರಿತೆಂದು ಮದುವೆ ಮನೆಯ ಹೋಳಿಗೆಯನ್ನು ದೂರುತ್ತಾರೆ. ಪೆನ್ನಿನ ಪಕ್ಕ ಐಸ್ ತುಂಡು ತುರುಕುವುದೂ ಮದ್ದಲ್ಲ, ಹೆಪ್ಪುಗಟ್ಟಿದ ಇನ್ಸುಲಿನ್ನೂ ಕೆಟ್ಟದ್ದೇ. ಇಳಿಯುವಾಗ ಕೈಯಲ್ಲಿ ಹಿಡಿದು ಇಳಿಯುವುದೊಂದೇ ದಾರಿ. ಬಹಳಷ್ಟು ಮಾತ್ರೆಗಳ ಹಾಳೆಯ ಹಿಂದೆಯೂ 30 ಡಿಗ್ರಿಗಿಂತ ಕೆಳಗೆ ಇಡಿ ಎಂದು ಅಚ್ಚಾಗಿರುತ್ತದೆ, ಅಕ್ಷರ ಇರುವೆಯಷ್ಟು ಅನ್ನುವುದು ನಿಜ.

ಫೋನಿನದೂ ಅದೇ ಕತೆ. ಆಪಲ್ ಕಂಪನಿ ತನ್ನ ಐಫೋನನ್ನು ಬಳಸದೆ ಇಟ್ಟಾಗಲೂ 45 ಡಿಗ್ರಿ ದಾಟಬಾರದು ಎನ್ನುತ್ತದೆ. ಲಿಥಿಯಂ ಬ್ಯಾಟರಿ ಬಿಸಿಗೆ ಅವತ್ತೇ ಸಿಡಿಯುವುದು ಅಪರೂಪ, ಆದರೆ ಅದರ ಆಯಸ್ಸು ಪ್ರತಿ ಬಿಸಿಲಿಗೂ ಸವೆಯುತ್ತದೆ. ಬ್ಯಾಟರಿ ಇರುವ ಅಗ್ಗದ ಡ್ಯಾಶ್‌ಕ್ಯಾಮ್‌ಗಳು ಗಾಜಿಗಂಟಿಕೊಂಡೇ ಹೊಟ್ಟೆ ಉಬ್ಬಿಸಿಕೊಳ್ಳುವುದು ಇದಕ್ಕೇ. ಕೊಳ್ಳುವುದಾದರೆ ಕೆಪಾಸಿಟರ್ ಇರುವುದನ್ನು ಕೇಳಿ ಪಡೆಯಿರಿ. ಕನ್ನಡಕದ ಗಾಜಿನ ಮೇಲಿನ ಪ್ರತಿಫಲನ ತಡೆಯುವ ಲೇಪನ ಜೇಡರ ಬಲೆಯಂತೆ ಬಿರುಕು ಬಿಟ್ಟರೆ ಅಂಗಡಿಯವನ ಜೊತೆ ಜಗಳಕ್ಕೆ ಹೋಗುವ ಮುನ್ನ ಅದನ್ನು ಎಲ್ಲಿಟ್ಟಿದ್ದೆವೆಂದು ನೆನಪಿಸಿಕೊಳ್ಳುವುದು ಒಳ್ಳೆಯದು.

ಕಾರಿನಲ್ಲೇ ಬಿಡಲೇಬೇಕಾದ್ದಿದ್ದರೆ ಸೀಟಿನ ಕೆಳಗೆ ನೆಲದ ಮೇಲಿಡಿ, ಮೇಲೊಂದು ಬಿಳಿ ಟವೆಲ್ ಹೊದಿಸಿ. ಸೆಡಾನ್ ಆದರೆ ಡಿಕ್ಕಿ ಇನ್ನೂ ಮೇಲು, ಗಾಜಿಲ್ಲದ ಜಾಗ ಅದು. ಹ್ಯಾಚ್‌ಬ್ಯಾಕಿನ ಡಿಕ್ಕಿಗೆ ಆ ಭಾಗ್ಯವಿಲ್ಲ. ಮುಂದಿನ ಗಾಜಿಗೆ ಒಳಗಿನಿಂದ ಬೆಳ್ಳಿಬಣ್ಣದ ಹಾಳೆ ಅಡ್ಡ ಇಟ್ಟರೆ ಗಾಳಿ ಅಷ್ಟೇನೂ ತಣಿಯದಿದ್ದರೂ ಡ್ಯಾಶ್‌ಬೋರ್ಡು ಉಳಿಯುತ್ತದೆ. ಬಂದ ಬೆಳಕು ಬೆಳಕಾಗಿಯೇ ವಾಪಸು ಹೋಗಬೇಕು, ಗುಟ್ಟು ಅಷ್ಟೆ. ಪಕ್ಕದ ಕಿಟಕಿಗೆ ರಬ್ಬರ್ ಬಟ್ಟಲಿನಿಂದ ಅಂಟಿಸುವ ಕಪ್ಪು ಜಾಲರಿ ತಾನೇ ಕಾದು ಒಳಗೇ ಶಾಖ ಬಿಡುತ್ತದೆ, ಸೀಟಿಗೆ ಒಂದಿಷ್ಟು ಮರೆ ಅನ್ನುವುದಷ್ಟೇ ಲಾಭ. ಮಗುವಿನ ಬಗ್ಗೆ, ನಾಯಿಯ ಬಗ್ಗೆ ಬೇರೆ ಹೇಳಬೇಕಿಲ್ಲ ಎಂದುಕೊಂಡಿದ್ದೇನೆ.

"ನಮ್ಮ ಬೆಂಗಳೂರು ತಂಪು, ಇದೆಲ್ಲ ಬಳ್ಳಾರಿಯವರಿಗೆ" ಎನ್ನುವವರಿಗೆ: ಸ್ಟ್ಯಾನ್‌ಫರ್ಡಿನವರ ಕಾರು ಹೊರಗೆ ಬರೀ 22 ಡಿಗ್ರಿ ಇದ್ದ ದಿನವೂ ಒಂದು ಗಂಟೆಯಲ್ಲಿ ಒಳಗೆ 47 ಮುಟ್ಟಿತ್ತು. 22 ಡಿಗ್ರಿ ಎಂದರೆ ಬೆಂಗಳೂರಿನ ಡಿಸೆಂಬರಿನ ಹತ್ತು ಗಂಟೆ. ಬಿಳಿ ಕಾರು ಕಾಯುವುದೇ ಇಲ್ಲ ಎನ್ನುವವರಿಗೆ: ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ 2011ರಲ್ಲಿ ಬೆಳ್ಳಿಬಣ್ಣದ ಮತ್ತು ಕಪ್ಪು ಕಾರುಗಳನ್ನು ಅಕ್ಕಪಕ್ಕ ನಿಲ್ಲಿಸಿದಾಗ ಮಾಡಿನ ತಗಡಿನಲ್ಲಿ 25 ಡಿಗ್ರಿವರೆಗೂ ವ್ಯತ್ಯಾಸ ಕಂಡಿತು, ಒಳಗಾಳಿಯಲ್ಲಿ ಐದಾರು ಡಿಗ್ರಿ ಮಾತ್ರ. ಕಪ್ಪು ಫಿಲ್ಮಿಗೆ ಹಂಬಲಿಸುವವರಿಗೆ: 2012ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿದ್ದರ ಮಾತು ಹಾಗಿರಲಿ, ಬಿಸಿಲಿನ ಶಾಖದಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಪಾಲು ಅರ್ಧಕ್ಕಿಂತ ಕಡಿಮೆ. ಗಾಜು ಕತ್ತಲಾದರೆ ತಂಪಾಯಿತೆಂದೇನಲ್ಲ.

2019ರ ಬೇಸಿಗೆಯಲ್ಲಿ ಅಹಮದಾಬಾದಿನ ಕಾರೊಂದಕ್ಕೆ ಮೈತುಂಬ ಸೆಗಣಿ ಬಳಿದ ಫೋಟೋ ದೇಶವೆಲ್ಲ ಸುತ್ತಿತು. ನಾನು ಸೆಗಣಿಯ ವಿರೋಧಿಯಲ್ಲ, ನಮ್ಮ ಅಂಗಳಕ್ಕೂ ಸಾರಿಸುತ್ತಿದ್ದರು. ಆದರೆ ಆ ಫೋಟೋದಲ್ಲಿ ತಗಡಿಗೆಲ್ಲ ಬಳಿದು ಗಾಜುಗಳನ್ನು ಮಾತ್ರ ಫಳಫಳ ಬಿಟ್ಟಿದ್ದರು. ಬಿಸಿಲು ಬರುವ ಬಾಗಿಲು ತೆರೆದೇ ಇತ್ತು. ಫೋಟೋ ಕಳಿಸಿದ ನೂರಾರು ಮಂದಿಯಲ್ಲಿ ಒಬ್ಬರಾದರೂ ಕಾರಿನೊಳಗೆ ಥರ್ಮಾಮೀಟರು ಇಟ್ಟಿದ್ದರಾ ಎಂದು ಕೇಳಿದ್ದನ್ನು ನಾನು ಕಾಣೆ. ನಮ್ಮ ಕಷ್ಟ ಇರುವುದು ಇಲ್ಲಿ. ಗೋಡೆಗೆ ನೇತುಹಾಕುವ ಥರ್ಮಾಮೀಟರು ಒಂದು ಹೋಟೆಲ್ ಊಟದ ಬೆಲೆಗೆ ಸಿಗುತ್ತದೆ, ಸೀಟಿನ ಮೇಲೆ ಒಂದು, ಸೀಟಿನ ಕೆಳಗೆ ಒಂದು ಇಟ್ಟರೆ ಒಂದು ಮಧ್ಯಾಹ್ನದಲ್ಲಿ ವ್ಯಾಜ್ಯ ತೀರುತ್ತದೆ. ಅದನ್ನು ಮಾಡುವುದಕ್ಕಿಂತ ಫಾರ್ವರ್ಡ್ ಒತ್ತುವುದು ಸುಲಭ.

ಹಾಗಾಗಿಯೇ ಪ್ರತಿ ಬೇಸಿಗೆಗೆ ಅದೇ ಅದೇ ಎಚ್ಚರಿಕೆಗಳು ಕೈಮುಗಿದ ಗುರುತಿನ ಸಮೇತ ಮರಳಿ ಬರುತ್ತವೆ. ಟ್ಯಾಂಕ್ ತುಂಬ ಪೆಟ್ರೋಲ್ ಹಾಕಿಸಿದರೆ ಬಿಸಿಲಿಗೆ ಸಿಡಿಯುತ್ತದಂತೆ, ಇಂಡಿಯನ್ ಆಯಿಲ್ ಹೇಳಿದೆಯಂತೆ. ಅದೇ ಇಂಡಿಯನ್ ಆಯಿಲ್ ಇದು ಸುಳ್ಳು ಎಂದು ಸ್ಪಷ್ಟನೆ ಕೊಟ್ಟರೂ ಸಂದೇಶಕ್ಕೆ ಮುಪ್ಪಿಲ್ಲ. 2020ರಲ್ಲಿ ಸ್ಯಾನಿಟೈಸರ್ ಬಾಟಲಿ ಕಾರಿನಲ್ಲಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ ಎಂಬ ಭಯ ಹಬ್ಬಿತು. ಅದರಲ್ಲಿರುವ ಆಲ್ಕೋಹಾಲಿನ ಆವಿಗೆ ಕಿಡಿ ತಾಗಿದರೆ ಹೊತ್ತುವುದು ಸರಿ, ಆದರೆ ಕಿಡಿಯಿಲ್ಲದೆ ತಾನಾಗಿ ಹೊತ್ತಬೇಕಾದರೆ 350 ಡಿಗ್ರಿಗೂ ಮೇಲೆ ಬೇಕು. ಆ ಶಾಖಕ್ಕೆ ಕಾರಿನ ಸೀಟೇ ಉಳಿಯುವುದಿಲ್ಲ.

ಸ್ಯಾನಿಟೈಸರಿಗೆ ಹೆದರಿ ಕಿಟಕಿಯಾಚೆ ಎಸೆದ ಅದೇ ಮಂದಿಯ ಕಾರಿನ ಬಾಗಿಲ ಚೀಲದಲ್ಲಿ ಬಾಡಿ ಸ್ಪ್ರೇ ಡಬ್ಬಿ ನಿಶ್ಚಿಂತೆಯಿಂದ ಮಲಗಿರುತ್ತದೆ, ಡ್ಯಾಶ್‌ಬೋರ್ಡಿನ ಮೇಲೆ ಐದು ರೂಪಾಯಿಯ ಚಿಲ್ಲರೆಯ ಜೊತೆ ಗ್ಯಾಸ್ ಲೈಟರು. ಒತ್ತಿ ತುಂಬಿದ ಅನಿಲವಿರುವ ವಸ್ತುಗಳು ಇವು. ಸ್ಪ್ರೇ ಡಬ್ಬಿಯ ಮೈಮೇಲೆಯೇ 50 ಡಿಗ್ರಿ ದಾಟಿಸಬೇಡಿ ಎಂದು ಬರೆದಿರುತ್ತದೆ. ಬಿಸಿಲಿನ ಕಾರಿನಲ್ಲಿ ಇವು ಸಿಡಿದು ಗಾಜು ಒಡೆದ ನಿದರ್ಶನಗಳಿವೆ. ಇದರ ಬಗ್ಗೆ ಒಂದು ಫಾರ್ವರ್ಡೂ ನನಗೆ ಇದುವರೆಗೆ ಬಂದಿಲ್ಲ.